ಟ್ರ್ಯಾಕ್ಟರಿನ ಏಳು ತಲೆಮಾರು

ಶೈಲೊಬೆಕ್ ಹುಟ್ಟಿದ್ದು ಚುನಾವಣೆಯ ದಿನ, ಅದಕ್ಕೇ ಅವನಿಗೆ ಆ ಹೆಸರು; ನಮ್ಮ ಕಿರ್ಗಿಜ್ ಮಾತಿನಲ್ಲಿ ಶೈಲೊ ಎಂದರೆ ಚುನಾವಣೆ. ಸೋವಿಯತ್ ಕಾಲದ ಚುನಾವಣೆ. ನಿಂತವನೂ ಒಬ್ಬನೇ, ಗೆದ್ದವನೂ ಅವನೇ. ಸೋಲು ಎಂಬುದೇ ಇಲ್ಲದ ಅಂಥ ದಿನ ಹುಟ್ಟಿಯೂ ಈ ಮನುಷ್ಯ ಐವತ್ತು ವರ್ಷದಲ್ಲಿ ಒಂದೇ ಒಂದು ಸಲವೂ ಗೆಲ್ಲಲಿಲ್ಲವೆಂದರೆ, ಅದನ್ನು ಅವನ ಸ್ವಂತ ಸಾಧನೆ ಎಂದೇ ಹೇಳಬೇಕು. ನಾನು ಅವನ ಪಕ್ಕದ ಮನೆಯವನು. ನಮ್ಮಿಬ್ಬರ ಅಂಗಳಗಳ ನಡುವೆ ಎದೆಯೆತ್ತರದ ಮಣ್ಣಿನ ಗೋಡೆಯಿದೆ. ಆ ಗೋಡೆಗೆ ಮೊಣಕೈ ಊರಿ ನಿಂತು ನಾನು ನೋಡಿದಷ್ಟು ದುಃಖವನ್ನು ನಮ್ಮೂರಿನ ಮುಲ್ಲಾ ಕೂಡ ನೋಡಿರಲಾರ.

ನಮ್ಮ ಕಣಿವೆಯ ಬೇಸಿಗೆ ನಮ್ಮ ನೆಂಟರಂಥದಲ್ಲ, ಬಂದ ಕೂಡಲೇ ಹೊರಟುಬಿಡುತ್ತದೆ. ಕಾಲುವೆಗೆ ನೀರು ಬಿಡುವುದರೊಳಗೆ ಹೊಲ ಉತ್ತು ಆಲೂಗಡ್ಡೆ ಊರಿದವನಿಗೆ ಚಳಿಗಾಲದಲ್ಲಿ ಊಟ ಉಂಟು, ಊರದವನಿಗೆ ಇಲ್ಲ. ಊರಿನಲ್ಲಿ ಓಡುವ ಟ್ರ್ಯಾಕ್ಟರ್ ಒಂದೇ, ಜುಮಾಶನದು. ಅವನು ಮೊದಲು ತನ್ನ ಹೊಲ, ಆಮೇಲೆ ತಮ್ಮಂದಿರ ಹೊಲ, ಆಮೇಲೆ ಬೀಗರ ಹೊಲ ಉತ್ತು, ಕೊನೆಗೆ ನೆನಪಾದರೆ ಶೈಲೊಬೆಕನ ಹೊಲಕ್ಕೆ ಬರುತ್ತಿದ್ದ. ಹೋದ ವರ್ಷ ಅವನಿಗೆ ತೀರ ತಡವಾಗಿ ನೆನಪಾಯಿತು. ಗಡ್ಡೆ ಅಗೆಯುವ ಮೊದಲೇ ಹಿಮ ಬಿತ್ತು. ಆ ಚಳಿಗಾಲವೆಲ್ಲ ಗಂಡ ಹೆಂಡತಿ ಹೆಪ್ಪುಗಟ್ಟಿ ಕಪ್ಪಾದ ಆಲೂಗಡ್ಡೆ ತಿಂದರು. ಹೆಂಡತಿ ಬುರ್ಮಕಾನ್ ಅದನ್ನು ಮರೆತಿರಲಿಲ್ಲ.

“ನನ್ನ ಕುದುರೆ ಹಿಡ್ಕೊಂಡು ಕರಕೋಲ್ ದನದ ಸಂತೆಗೆ ಹೋಗಿ,” ಎಂದಳು. “ಅದಕ್ಕೂ ವಯಸ್ಸಾಯ್ತು. ಅದನ್ನ ಕೊಟ್ಟು, ನೇಗಿಲು ಎಳೆಯೋ ಗಟ್ಟಿ ಗಂಡುಕುದುರೆ ಒಂದು ತನ್ನಿ. ಬೇರೆ ಏನೂ ತರಬೇಡಿ.”

ಅದು ಅವಳ ತವರಿನಿಂದ ಬಂದ ಕುದುರೆ. ಬೆಳಿಗ್ಗೆ ಶೈಲೊಬೆಕ್ ಅದರ ಮೇಲೆ ಕೂತು ಹೋದ. ಸಂಜೆ ಒಂದು ಲಾರಿಯಲ್ಲಿ ಬಂದ. ಲಾರಿಯ ಹಿಂದೆ ಸರಪಳಿ, ಸರಪಳಿಯ ತುದಿಯಲ್ಲಿ ಒಂದು ನೀಲಿ ಟ್ರ್ಯಾಕ್ಟರ್. ಅದರ ಮುಂದಿನ ಚಕ್ರಗಳು ಒಂದನ್ನೊಂದು ನೋಡುತ್ತಿದ್ದವು. ಸೀಟಿದ್ದ ಕಡೆ ಸೀಟಿನ ಬದಲು ಯಾರದೋ ಕುದುರೆಯ ಹಳೆಯ ತಡಿ ಕಟ್ಟಿತ್ತು. ನಾನು ಗೋಡೆಗೆ ಮೊಣಕೈ ಊರಿದೆ.

“ಕುದುರೆ ಎಲ್ಲಿ?” ಎಂದಳು ಬುರ್ಮಕಾನ್.

“ಇದರೊಳಗೆ ನಲವತ್ತು ಕುದುರೆ ಇದಾವೆ ಕಣೇ.”

“ಒಂದನ್ನ ಹೊರಗೆ ತೆಗೀರಿ, ನೋಡೋಣ.”

ಶೈಲೊಬೆಕ್ ನನ್ನ ಕಡೆ ತಿರುಗಿದ. ಗಂಡಸಿನ ಮಾತು ಗಂಡಸಿಗೇ ಅರ್ಥವಾಗಬೇಕು ಎಂಬ ಮುಖ ಅವನದು. “ನೀನಾದ್ರೂ ಹೇಳೋ. ನಾನೇನು ಕಣ್ಣು ಮುಚ್ಕೊಂಡು ತಂದಿಲ್ಲ. ಸುತ್ತ ಮೂರು ಸಲ ನಡೆದೆ. ಬೆನ್ನಿಗೆ ತಟ್ಟಿದೆ. ಕಾಲು ಎತ್ತಿ ನೋಡೋಣ ಅಂದ್ರೆ ಎತ್ತೋಕಾಗ್ಲಿಲ್ಲ, ಅಷ್ಟು ಭಾರ. ಭಾರ ಇದ್ದರೆ ಬಲ ಇದ್ದ ಹಾಗೆ.”

“ಬಾಯಿ ನೋಡಿದ್ಯಾ?” ಎಂದೆ ನಾನು.

“ಬಾಯೊಳಗೆ ಕೈ ಹಾಕಿಯೇ ನೋಡಿದೆ. ಹಲ್ಲೆಲ್ಲ ಇದಾವೆ.”

“ಓಡಿಸಿ ನೋಡಿದ್ಯಾ?”

ಶೈಲೊಬೆಕ್ ತಲೆಯ ಮೇಲಿನ ಕಲ್ಪಾಕ್ ತೆಗೆದು ಅದರ ಒಳಗೆ ನೋಡಿ ಮತ್ತೆ ಹಾಕಿಕೊಂಡ. “ಸಂತೇಲಿ ಅಷ್ಟು ಜನ ಇದ್ದರು. ಯಾರಿಗಾದ್ರೂ ಹಾಯ್ದುಬಿಟ್ಟರೆ ಏನು ಗತಿ ಅಂತ ಓಡಿಸಲಿಲ್ಲ.”

ಇಷ್ಟಕ್ಕೇ ನಿಲ್ಲಿಸಿದ್ದರೆ ಉಳಿಯುತ್ತಿದ್ದ. ಆದರೆ ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಅವನ ಹುಟ್ಟುಗುಣ. ಮರುದಿನ ಬೆಳಿಗ್ಗೆ ಅಂಗಡಿಯ ಮುಂದೆ, ಹತ್ತು ಜನರ ಎದುರು, ಜುಮಾಶನಿಗೆ ಹೇಳಿದ: “ಇನ್ನು ನಿನ್ನ ದಾರಿ ಕಾಯೋ ದರಿದ್ರ ನಮಗಿಲ್ಲಪ್ಪ. ನಮ್ಮ ಹೊಲದ ಕಡೆ ನೀನು ಬರೋದೇ ಬೇಡ.” ಜುಮಾಶ್ ಸಿಗರೇಟು ಹಚ್ಚಿಕೊಂಡು, “ಸಂತೋಷ,” ಎಂದ. ಹೀಗೆ ಇದ್ದ ಒಂದು ಬಾಗಿಲಿಗೂ ಶೈಲೊಬೆಕ್ ತಾನೇ ಅಗುಳಿ ಹಾಕಿಕೊಂಡ. ಈಗ ಅವನಿಗೆ ಕುದುರೆಯೂ ಇಲ್ಲ, ಜುಮಾಶನೂ ಇಲ್ಲ. ಇದ್ದದ್ದು ಹೊಲ, ಬಿತ್ತನೆಯ ಗಡ್ಡೆ, ಮತ್ತು ಬಾಗಿಲಲ್ಲಿ ನಿಂತ ಹೆಂಡತಿ.

ಆ ಹಳೆಯ ಜಾತಿಯ ಟ್ರ್ಯಾಕ್ಟರಿಗೆ ಎರಡು ಎಂಜಿನ್. ದೊಡ್ಡದಕ್ಕೆ ಜೀವ ಬರಿಸಲು ಅದರ ಪಕ್ಕೆಯಲ್ಲಿ ಒಂದು ಮರಿ ಎಂಜಿನ್ ಇರುತ್ತದೆ. ಮರಿಗೆ ಹಗ್ಗ ಸುತ್ತಿ ಎಳೆಯಬೇಕು. ಮರಿ ಎದ್ದು ತಾಯಿಯನ್ನು ಎಬ್ಬಿಸಬೇಕು. ಶೈಲೊಬೆಕ್ ಹಗ್ಗ ಎಳೆದ. ಎಳೆದು ಎಳೆದು ಹಿಂದಕ್ಕೆ ಬಿದ್ದ. ಎದ್ದು ಮತ್ತೆ ಎಳೆದ. ಊರಿನ ಗಂಡಸರು ಒಬ್ಬೊಬ್ಬರಾಗಿ ಬಂದು “ಹೊಸ ವಸ್ತು, ಒಳ್ಳೇದಾಗ್ಲಿ” ಎಂದು ಹರಸಿ, ಟೀ ಕುಡಿದು, ಒಂದೊಂದು ಸಲ ಹಗ್ಗ ಎಳೆದು, ಸೊಂಟ ಹಿಡಿದುಕೊಂಡು ಹೋದರು. ಟ್ರ್ಯಾಕ್ಟರ್ ಮಾತ್ರ ಕೆಮ್ಮಲೂ ಇಲ್ಲ. ಬುರ್ಮಕಾನ್ ಟೀ ಕಾಸುತ್ತ, ಯಾರ ಮುಖವನ್ನೂ ನೋಡದೆ, “ಕಾಲುವೆ ಕೆಲಸ ಮುಗೀತಾ ಬಂತಂತೆ. ನೀರು ಬಿಡ್ತಾರಂತೆ,” ಎನ್ನುತ್ತಿದ್ದಳು.

ಯಾವುದೋ ಭಾಗ ಹೋಗಿರಬೇಕು ಎಂದು ನಾವಿಬ್ಬರೂ ಕರಕೋಲಿನ ಬಿಡಿಭಾಗದ ಸಂತೆಗೆ ಹೋದೆವು. ಅಂಗಡಿಯಲ್ಲಿ ಒಬ್ಬ ದಪ್ಪನೆಯ ಹೆಂಗಸು ಸೂರ್ಯಕಾಂತಿ ಬೀಜ ಬಿಡಿಸಿ ತಿನ್ನುತ್ತ ಕೂತಿದ್ದಳು.

“ಯಾವ ಟ್ರ್ಯಾಕ್ಟರು?”

“ನೀಲಿದು.”

“ನೀಲಿ ಅನ್ನೋದು ಬಣ್ಣ. ಟ್ರ್ಯಾಕ್ಟರ್ ಯಾವುದು?”

“ದೊಡ್ಡದು. ಕುದುರೆಗಿಂತ ಒಂದು ಗೇಣು ಎತ್ತರ.”

“ಮೈಮೇಲೆ ತಗಡು ಹೊಡೆದಿರ್ತಾರಲ್ಲ, ಅದರಲ್ಲಿ ಹೆಸರು, ನಂಬರು ಇರತ್ತೆ. ಏನಿದೆ?”

“ತಗಡು ಇದ್ದ ಜಾಗ ಇದೆ. ನಾಲ್ಕು ತೂತು ಇದೆ.”

“ನಾಲ್ಕು ತೂತಿಗೆ ನಾನು ಏನು ಕೊಡ್ಲಪ್ಪ?” ಎಂದಳು ಹೆಂಗಸು. ಸುತ್ತಲಿನ ಅಂಗಡಿಯವರು ನಗತೊಡಗಿದರು. “ಹೆಸರಿಲ್ಲ, ಹುಟ್ಟೂರಿಲ್ಲ, ವರ್ಷ ಇಲ್ಲ. ದಿಕ್ಕುದೆಸೆ ಇಲ್ಲದ್ದು. ಮೊದಲು ಅದು ಯಾರದು, ಯಾವುದು ಅಂತ ತಿಳ್ಕೊಂಡು ಬಾ.”

ಬೈಗುಳವನ್ನು ಶೈಲೊಬೆಕ್ ತಡೆಯುತ್ತಾನೆ, ಅಭ್ಯಾಸವಿದೆ. ಆದರೆ ನಮ್ಮಲ್ಲಿ ಒಂದು ಮಾತಿದೆ: ಏಳು ತಲೆಮಾರಿನ ತಂದೆಯರ ಹೆಸರು ಹೇಳಲಾರದವನು ಗುಲಾಮ. ತನ್ನ ಅಂಗಳದಲ್ಲಿ ನಿಂತ ವಸ್ತುವನ್ನು ಹತ್ತು ಜನರ ಮುಂದೆ ದಿಕ್ಕಿಲ್ಲದ್ದು ಎಂದರೆ ಯಾವ ಕಿರ್ಗಿಜನು ಸಹಿಸುತ್ತಾನೆ? ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವನು ಹಲ್ಲು ಕಡಿಯುತ್ತಿದ್ದ. “ನನ್ನ ಟ್ರ್ಯಾಕ್ಟರಿಗೆ ಕುಲ ಇಲ್ವಂತೆ. ತೋರಿಸ್ತೀನಿ ಅವಳಿಗೆ.” ಊರು ತಲುಪಿ ಮನೆಗೆ ಹೋಗಲಿಲ್ಲ. ನೇರ ಒಸ್ಮೊನಾಲಿ ಅಜ್ಜನ ಮನೆಗೆ ಹೋದ.

ಒಸ್ಮೊನಾಲಿ ಅಜ್ಜ ನಮ್ಮೂರಿನ ಹಿರಿಯ. ಯಾರ ಅಜ್ಜ ಯಾರ ಮೊಮ್ಮಗ, ಯಾವ ಹುಡುಗಿ ಯಾವ ಹುಡುಗನಿಗೆ ಎಷ್ಟನೆಯ ತಲೆಮಾರಿನಲ್ಲಿ ತಂಗಿಯಾಗುತ್ತಾಳೆ ಎಂಬುದೆಲ್ಲ ಅವನ ನಾಲಿಗೆಯ ತುದಿಯಲ್ಲಿ. ಏಳು ತಲೆಮಾರಿನೊಳಗೆ ಮದುವೆ ಕೂಡದು ಎಂಬ ನಮ್ಮ ಕಟ್ಟಳೆಯಿಂದ ಅವನು ಕೆಡಿಸಿದ ಮದುವೆಗಳಿಗೆ ಲೆಕ್ಕವಿಲ್ಲ. ಟ್ರ್ಯಾಕ್ಟರ್ ಬಗ್ಗೆ ಅವನಿಗೆ ಏನೂ ಗೊತ್ತಿರಲಿಲ್ಲ, ಅದನ್ನು ಅವನು ಒಂದು ಕೊರತೆ ಎಂದು ಭಾವಿಸಲೂ ಇಲ್ಲ.

“ಮನುಷ್ಯ ಆದ್ರೇನು, ಕಬ್ಬಿಣ ಆದ್ರೇನು. ಅಪ್ಪ ಯಾರು ಅಂತ ಗೊತ್ತಾದ್ರೆ ಗುಣ ತಾನೇ ಗೊತ್ತಾಗತ್ತೆ,” ಎಂದು ಅಜ್ಜ ಕೋಲು ಊರಿಕೊಂಡು ಬಂದು ಟ್ರ್ಯಾಕ್ಟರನ್ನು ಸುತ್ತಿ ನೋಡಿದ. “ಬಣ್ಣ ಕೆರೀರಿ.”

ಕೆರೆದೆವು. ನೀಲಿಯ ಕೆಳಗೆ ಹಸಿರು ಇತ್ತು. “ನೀಲಿ ಬಳಿದವನು ಕೊನೇ ಮಾಲೀಕ, ಹಸಿರು ಅವನ ಹಿಂದಿನವನು,” ಎಂದ ಅಜ್ಜ. ಹಸಿರಿನ ಕೆಳಗೆ ಹಳದಿ. “ಇವನು ಬಡವ. ರಸ್ತೆ ಇಲಾಖೆಯ ಬಣ್ಣ ಕದ್ದಿದಾನೆ.” ಹಳದಿಯ ಕೆಳಗೆ ಕೆಂಪು. “ಇದು ಸಾಮೂಹಿಕ ಬೇಸಾಯದ ಕಾಲ. ನಿಧಾನ ಕೆರೀರಿ, ಈಗ ಹಿರಿಯರು ಬರ್ತಿದಾರೆ.” ಕೆಂಪಿನ ಕೆಳಗೆ, ಡೀಸೆಲ್ ತೊಟ್ಟಿಯ ಮೇಲೆ, ಉಳಿಯಿಂದ ಕೆತ್ತಿದ ಒಂದು ಗುರುತು ಸಿಕ್ಕಿತು. ಅರ್ಧಚಂದ್ರ, ಅದರ ಕೆಳಗೆ ಒಂದು ಗೀಟು. ಕುದುರೆಯ ತೊಡೆಗೆ ಹಾಕುವ ಕುಲದ ಬರೆ.

ಅಜ್ಜ ಆ ಗುರುತಿನ ಮೇಲೆ ಬೆರಳಾಡಿಸಿದ. “ಇದು ಮೇಲಿನ ಸಾರಿ-ಬುಲಾಕ್ ಊರಿನ ಅಬ್ದಿಲ್ದಾನ ಬರೆ. ಸರ್ಕಾರದ ಟ್ರ್ಯಾಕ್ಟರಿಗೆ ತನ್ನ ಕುಲದ ಗುರುತು ಹಾಕೋ ಧೈರ್ಯ ಇದ್ದವನು ಅವನೊಬ್ಬನೇ. ಇಪ್ಪತ್ತು ವರ್ಷ ಇದನ್ನ ಓಡಿಸಿದ. ಹೋಗಿಬಿಟ್ಟ, ಪಾಪ.”

“ಅಜ್ಜ, ಟ್ರ್ಯಾಕ್ಟರ್ ಯಾವುದು ಅಂತ ಗೊತ್ತಾಯ್ತಾ?” ಎಂದ ಶೈಲೊಬೆಕ್.

“ಅಬ್ದಿಲ್ದಾಂದು ಅಂತ ಹೇಳ್ಲಿಲ್ವೇನೋ. ಇನ್ನೇನು ಬೇಕು? ಅವನ ಮನೆಯವರಿಗೆ ಹೇಳಿ ಕಳಿಸ್ತೀನಿ. ಅಪ್ಪನ ವಸ್ತು ಅಪ್ಪನ ಮಕ್ಕಳಿಗೆ ಗೊತ್ತಿರತ್ತೆ.”

ಹೇಳಿ ಕಳಿಸಿದ. ಆದರೆ ನಮ್ಮ ಕಡೆ ಸುದ್ದಿ ಗುಡ್ಡ ಹತ್ತುವಾಗ ಉಬ್ಬುತ್ತದೆ. “ಟ್ರ್ಯಾಕ್ಟರ್ ಯಾವುದು ಅಂತ ಬಂದು ಹೇಳಿ” ಎಂದು ಹೊರಟ ಮಾತು ಸಾರಿ-ಬುಲಾಕ್ ಮುಟ್ಟುವಷ್ಟರಲ್ಲಿ, “ನಿಮ್ಮ ಅಪ್ಪನ ಕಬ್ಬಿಣದ ಕುದುರೆ ಸಿಕ್ಕಿದೆ, ಬಂದು ಕಣ್ಣೀರು ಹಾಕಿ” ಎಂದಾಗಿತ್ತು. ಒಬ್ಬ ಮೆಕ್ಯಾನಿಕ್ ಬರುತ್ತಾನೆಂದು ಶೈಲೊಬೆಕ್ ಕಾಯುತ್ತಿದ್ದ. ಎರಡು ಬಸ್ಸು ಬಂದವು.

ಬಸ್ಸಿನಿಂದ ಇಳಿಯುತ್ತಿದ್ದಂತೆ ಗಂಡಸರು ಸಾವಿನ ಮನೆಗೆ ಬಂದವರ ಪದ್ಧತಿಯಂತೆ ಸೊಂಟಕ್ಕೆ ಕೈ ಕೊಟ್ಟು, “ಅಯ್ಯೋ ಅಪ್ಪಾ,” ಎಂದು ಅಳುತ್ತ ಗೇಟಿನೊಳಗೆ ಬಂದರು. ಹೆಂಗಸರು ಟ್ರ್ಯಾಕ್ಟರಿನ ಸುತ್ತ ಕೂತು ಶೋಕಗೀತೆ ಹಿಡಿದರು. ಅಬ್ದಿಲ್ದಾನ ಹೆಂಡತಿ ಸಾಯ್ಕಾಲ್ ಹಿಂದಿನ ಚಕ್ರಕ್ಕೆ ಕೆನ್ನೆ ಆನಿಸಿ ಹಾಡುತ್ತ ಅತ್ತಳು. “ನಿನ್ನ ಹೊಗೆಯ ವಾಸನೆಗೆ ನಾನು ಟೀ ಇಡುತ್ತಿದ್ದೆ, ನನ್ನ ದೊರೆ. ನಿನ್ನ ಸದ್ದು ನಿಂತ ಮೇಲೆ ನನಗೆ ನಿದ್ದೆಯಿಲ್ಲ, ನನ್ನ ದೊರೆ.” ನಿಜಕ್ಕೂ ಕರುಳು ಕಿವುಚುವ ಹಾಗಿತ್ತು. ನಾನೂ ಅತ್ತೆ. ಶೈಲೊಬೆಕನೂ ಅತ್ತ, ಆದರೆ ಅವನ ಕಾರಣ ಬೇರೆ. ಮನೆ ಬಾಗಿಲಿಗೆ ಅಳುತ್ತ ಬಂದವರಿಗೆ ಕುರಿ ಕಡಿಯದೆ ಕಳಿಸುವ ಹಾಗಿಲ್ಲ.

ಬುರ್ಮಕಾನ್ ತುಟಿ ಕಚ್ಚಿಕೊಂಡು ಒಲೆ ಹಚ್ಚಿದಳು. ನನ್ನ ಬಳಿ ನೀರಿಗೆ ಬಂದವಳು ಗೋಡೆಯ ಆಚೆಯಿಂದ ಹೇಳಿದಳು: “ಭಾವ, ನಾನು ಕೇಳಿದ್ದು ಒಂದು ಉತ್ತ ಹೊಲ. ಅಷ್ಟೇ ಕೇಳಿದ್ದು ನಾನು.” ನಾನು ಬಕೆಟ್ಟು ತುಂಬಿಸಿ ಕೊಟ್ಟೆ.

ಊಟಕ್ಕೆ ಕೂತರು. ಹಿರಿಯರಿಗೆ ಸಲ್ಲುವ ಕುರಿಯ ತಲೆ ಒಸ್ಮೊನಾಲಿ ಅಜ್ಜನ ಮುಂದೆ ಬಂತು. ಅಬ್ದಿಲ್ದಾನ ಹಿರಿಯ ಮಗ ತೆಮಿರ್‌ಕುಲ್, ಬಾಗಿಲು ತುಂಬುವಂಥ ಆಳು, ಮೂಳೆ ಚೀಪುತ್ತ ಕಿಟಕಿಯಿಂದ ಟ್ರ್ಯಾಕ್ಟರನ್ನೇ ನೋಡುತ್ತಿದ್ದ. ಆಮೇಲೆ ಕೈ ಒರೆಸಿಕೊಂಡು ಹೇಳಿದ:

“ಶೈಲೊಬೆಕ್ ಅಣ್ಣ, ನಿಮ್ಮ ಉಪ್ಪು ತಿಂದೆ, ಮುಚ್ಚುಮರೆ ಇಲ್ಲದೆ ಹೇಳ್ತೀನಿ. ಅದು ನಮ್ಮಪ್ಪಂದು. ನಾವು ತಗೊಂಡು ಹೋಗ್ತೀವಿ.”

ಶೈಲೊಬೆಕನ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಬಾಗಿಲ ಹಿಂದೆ ಬುರ್ಮಕಾನಳ ಕೈಯಿಂದ ಸೌಟು ಬಿತ್ತು. ಅವನು ಅತ್ತಿತ್ತ ನೋಡಿದ. ಬಸ್ಸಿನ ತುಂಬ ಬಂದವರು ಅವರ ಕಡೆಯವರು, ತನ್ನ ಕಡೆ ನಾನೊಬ್ಬ. ಆಗ ಅವನ ತಲೆಗೆ ಒಂದು ಉಪಾಯ ಹೊಳೆಯಿತು. ಅವನ ತಲೆಗೆ ಉಪಾಯ ಹೊಳೆದಾಗಲೆಲ್ಲ ನಾನು ಭಯಪಡುತ್ತೇನೆ.

“ಅದು ಹೇಗಾಗತ್ತಪ್ಪ,” ಎಂದ. “ಪರಕೀಯರಾದ್ರೆ ಕಿತ್ಕೊಂಡು ಹೋಗಬಹುದು. ನಾವೂ ನೀವೂ ನೆಂಟರಾಗಿದ್ರೆ? ನೆಂಟರ ಮನೇಲಿ ಉಂಡು ನೆಂಟರ ವಸ್ತು ಕಿತ್ಕೋತಾರಾ? ಒಸ್ಮೊನಾಲಿ ಅಜ್ಜ, ನೋಡಿ. ಸ್ವಲ್ಪ ನೋಡಿ ಹೇಳಿ. ಏಳು ತಲೆಮಾರಲ್ಲಿ ಎಲ್ಲಾದ್ರೂ ಒಂದು ಕಡೆ ನಾವು ಕೂಡೇ ಕೂಡಿರ್ತೀವಿ.”

ಅಜ್ಜ ಕುರಿಯ ಕಿವಿ ಕೊಯ್ಯುತ್ತಿದ್ದವನು ಚಾಕು ಕೆಳಗಿಟ್ಟ. ಕಣ್ಣು ಮುಚ್ಚಿದ. ಶೈಲೊಬೆಕನ ಅಪ್ಪ, ಅಪ್ಪನ ಅಪ್ಪ ಎಂದು ಬೆರಳು ಮಡಿಸುತ್ತ ಹೋದ. ಅಬ್ದಿಲ್ದಾನ ಕಡೆಯಿಂದ ಹುಡುಕಿದ, ಸಿಗಲಿಲ್ಲ. ಶೈಲೊಬೆಕ್ ಬೆವರಿದ. “ಬಿಡಬೇಡಿ ಅಜ್ಜ. ಹೆಂಗಸರ ಕಡೆಯಿಂದ ನೋಡಿ.”

“ಸಾಯ್ಕಾಲ್, ನಿನ್ನ ತವರು ಯಾವುದಮ್ಮಾ?”

ಸಾಯ್ಕಾಲ್ ತನ್ನ ತಂದೆ, ತಾತ, ಮುತ್ತಾತನ ಹೆಸರು ಹೇಳಿದಳು, ಅವರ ಹಿಂದಿನವರನ್ನು ಅಜ್ಜನೇ ಎಣಿಸಿದ. ಅಜ್ಜನ ಐದನೆಯ ಬೆರಳು ಅರ್ಧ ಮಡಿಚಿ ನಿಂತಿತು. “ಸಿಕ್ತು. ಇಬ್ಬರಿಗೂ ಐದನೇ ತಂದೆ ಒಬ್ಬನೇ. ಶೈಲೊಬೆಕ್, ಈಕೆ ನಿನ್ನ ಕುಲದ ಹೆಣ್ಣುಮಗಳು. ನಿನಗೆ ಅಕ್ಕ.”

ಮನೆಯೆಲ್ಲ ಗದ್ದಲವಾಯಿತು. ಶೈಲೊಬೆಕ್ ಊಟದ ಬಟ್ಟೆಯನ್ನು ದಾಟಿ ಹೋಗಿ ಸಾಯ್ಕಾಲಳನ್ನು ತಬ್ಬಿಕೊಂಡ. “ಅಕ್ಕಾ, ಇಷ್ಟು ದಿನ ಎಲ್ಲಿದ್ದೆ,” ಎಂದು ಅತ್ತ. ಅವಳೂ ಅತ್ತಳು, ಅಳು ಅವಳಿಗೆ ಹೇಗೂ ಅರ್ಧಕ್ಕೆ ನಿಂತಿತ್ತು. ಶೈಲೊಬೆಕ್ ಗೆದ್ದ ಮುಖದಿಂದ ತೆಮಿರ್‌ಕುಲ್ ಕಡೆ ತಿರುಗಿದ. ಹುಟ್ಟಿದಂದಿನಿಂದ ಅವನ ಮುಖದಲ್ಲಿ ನಾನು ಅಂಥ ಕಳೆ ನೋಡಿರಲಿಲ್ಲ. “ಈಗ ಹೇಳಪ್ಪ. ನಾನು ನಿನಗೆ ಏನಾದೆ?”

“ಸೋದರಮಾವ ಆದಿರಿ,” ಎಂದ ತೆಮಿರ್‌ಕುಲ್.

ಮುದುಕರು ಗಡ್ಡ ಹಿಡಿದುಕೊಂಡರು. ನಮ್ಮಲ್ಲಿ ಇನ್ನೊಂದು ಗಾದೆಯಿದೆ: ಸೋದರಳಿಯ ಬರುವುದಕ್ಕಿಂತ ಏಳು ತೋಳ ಬರಲಿ. ಸೋದರಮಾವನ ಮನೆಯಲ್ಲಿ ಅಳಿಯನ ಕಣ್ಣಿಗೆ ಬಿದ್ದದ್ದು ಅಳಿಯನದು. ಕೇಳುವ ಹಾಗಿಲ್ಲ, ತಡೆಯುವ ಹಾಗಿಲ್ಲ. ತಡೆದರೆ ಕೇಡು, ಊರೇ ಬಯ್ಯುತ್ತದೆ.

“ನಾನು ಆಸೆಬುರುಕ ಅಲ್ಲ ಮಾವ,” ಎಂದ ತೆಮಿರ್‌ಕುಲ್ ಬಲು ಪ್ರೀತಿಯಿಂದ. “ಆ ಟ್ರ್ಯಾಕ್ಟರ್ ಒಂದು ಸಾಕು.”

ಒಂದು ಗಳಿಗೆಯ ಹಿಂದೆ ಅವನು ಬರೀ ಜಗಳಗಂಟ. ಜಗಳವಾಡಿದ್ದರೆ ಟ್ರ್ಯಾಕ್ಟರ್ ಉಳಿಯುತ್ತಿತ್ತೇನೋ. ಶೈಲೊಬೆಕ್ ತಾನಾಗಿ ಬೇಡಿ, ಹಿರಿಯರನ್ನು ಕಾಡಿ, ಅವನ ಕೈಗೆ ಹಕ್ಕು ಕೊಡಿಸಿದ. ಸಾಯ್ಕಾಲಳ ತೋಳು ಇನ್ನೂ ಅವನ ಕುತ್ತಿಗೆಯ ಸುತ್ತ ಇತ್ತು.

ಎಲ್ಲರೂ ಅಂಗಳಕ್ಕೆ ಬಂದೆವು. ತೆಮಿರ್‌ಕುಲ್ ತಡಿಯ ಕೆಳಗೆ ಕೈ ಹಾಕಿ ಏನನ್ನೋ ತಿರುಗಿಸಿದ.

“ಅದೇನು?” ಎಂದ ಶೈಲೊಬೆಕ್.

“ಪೆಟ್ರೋಲಿನ ನಲ್ಲಿ. ಮರಿ ಎಂಜಿನ್ನಿಗೆ.”

“ನಲ್ಲಿ ಇತ್ತಾ?”

“ಇರದೆ ಏನು ಮಾವ. ನಲ್ಲಿ ಮುಚ್ಚಿ ಹಗ್ಗ ಎಳೆದ್ರೆ ಅದು ಏನು ಗಾಳಿ ಕುಡ್ಕೊಂಡು ಏಳತ್ತಾ?” ಒಂದೇ ಎಳೆತಕ್ಕೆ ಮರಿ ಎದ್ದಿತು. ಮರಿಯ ಹಿಂದೆ ತಾಯಿಯೂ ಎದ್ದಿತು. ಕೋಳಿಗಳು ನನ್ನ ಗೋಡೆ ಹಾರಿದವು. ಕಪ್ಪು ಹೊಗೆಯಲ್ಲಿ ಸಾಯ್ಕಾಲ್ ಮೂಗು ಅರಳಿಸಿ ನಿಂತಿದ್ದಳು. ಶೈಲೊಬೆಕ್ ಅವಳ ಹತ್ತಿರ ಹೋಗಿ, ಆಗಲೂ ಬಿಡದೆ, ಮೆಲ್ಲಗೆ ಕೇಳಿದ: “ಅಕ್ಕಾ, ಇದು ಯಾವ ಟ್ರ್ಯಾಕ್ಟರು? ಹೆಸರೇನು ಇದರದ್ದು?”

“ನಿಮ್ಮ ಭಾವ ಇದನ್ನ ‘ಹಾಳಾದ್ದು’ ಅಂತಿದ್ದರಪ್ಪ,” ಎಂದಳು ಸಾಯ್ಕಾಲ್. “ಬೇರೆ ಹೆಸರು ನನಗೆ ಗೊತ್ತಿಲ್ಲ.”

ಟ್ರ್ಯಾಕ್ಟರ್ ಗೇಟಿನ ಕಡೆ ತಿರುಗಿತು. ಗೇಟಿನಲ್ಲಿ ಬುರ್ಮಕಾನ್ ನಿಂತಿದ್ದಳು. ಅವಳ ಹಿಂದೆ ನೆಲದ ಮೇಲೆ ನೇಗಿಲು ಇತ್ತು. ಅಷ್ಟು ಭಾರದ ನೇಗಿಲನ್ನು ಅಲ್ಲಿಯವರೆಗೆ ಯಾವಾಗ ಎಳೆದು ತಂದಳೋ ಯಾರೂ ನೋಡಿರಲಿಲ್ಲ.

“ಕೊಂಡು ಹೋಗಪ್ಪ,” ಎಂದಳು ತೆಮಿರ್‌ಕುಲನಿಗೆ. “ಹಕ್ಕು ನಿಂದು. ನಿಮ್ಮ ಮಾವ ಕೊಟ್ಟಾಯ್ತು. ಆದ್ರೆ ಅಳಿಯ ಮೊದಲ ಸಲ ಬಂದಾಗ ದಾರಿ ತೋರಿಸೋದು ಅತ್ತೆ. ನಿನ್ನ ದಾರಿ ನಮ್ಮ ಹೊಲದ ಮೇಲೆ. ಇದನ್ನ ಹಿಂದೆ ಕಟ್ಕೊಂಡು ಆ ಬದುವಿನ ತನಕ ಹೋಗು. ಹೋಗಿ ತಿರುಗಿ ಈ ಬದುವಿನ ತನಕ ಬಾ. ದಾರಿ ಸ್ವಲ್ಪ ಉದ್ದ.”

ಹಾಗೊಂದು ಪದ್ಧತಿ ಇದೆಯೇ ಎಂದು ಎಲ್ಲರೂ ಒಸ್ಮೊನಾಲಿ ಅಜ್ಜನನ್ನು ನೋಡಿದರು. ಅಜ್ಜನ ಹೊಟ್ಟೆಯಲ್ಲಿ ಅವಳು ಬೇಯಿಸಿದ ಮಾಂಸವಿತ್ತು. “ಇದೆ,” ಎಂದ ಅಜ್ಜ. “ಹಳೇದು. ಎಲ್ಲರಿಗೂ ಗೊತ್ತಿಲ್ಲ.”

ತೆಮಿರ್‌ಕುಲ್ ಉತ್ತ. ನೆಲ ಕಪ್ಪಗೆ ಬಾಯಿ ಬಿಡುತ್ತ ಹೋಯಿತು. ಬುರ್ಮಕಾನ್ ಬಿತ್ತನೆಯ ಬುಟ್ಟಿ ತಂದು ಬದುವಿನಲ್ಲಿ ಇಟ್ಟುಕೊಂಡು ಕೂತಳು. ಎಷ್ಟೋ ದಿನದ ಮೇಲೆ ಅವಳು ನಗುತ್ತಿದ್ದಳು. ಶೈಲೊಬೆಕ್ ನನ್ನ ಭುಜ ಹಿಡಿದು, “ನೋಡೋ, ನಾನು ತಂದ ಟ್ರ್ಯಾಕ್ಟರೇ ಅಲ್ವೇನೋ ಉಳ್ತಿರೋದು,” ಎಂದ. ಅದೂ ನಿಜವೇ.

ಹೊಲದ ಅರ್ಧಕ್ಕೆ ಬಂದಾಗ ಟ್ರ್ಯಾಕ್ಟರಿನ ಹೊಟ್ಟೆಯಲ್ಲಿ ಏನೋ ಮುರಿದ ಸದ್ದಾಯಿತು. ಆಮೇಲೆ ಇನ್ನೊಂದು ಸದ್ದು. ಆಮೇಲೆ ಎಣ್ಣೆ ನೆಲಕ್ಕೆ ಸುರಿಯಿತು, ಮತ್ತೆ ಸದ್ದಿಲ್ಲ. ತೆಮಿರ್‌ಕುಲ್ ಇಳಿದು, ಬಗ್ಗಿ ನೋಡಿ, ಕಲ್ಪಾಕ್ ತೆಗೆದ. ಎಂಜಿನ್ನು ಒಡೆದು ಅದರ ಕರುಳು ಹೊರಗೆ ಕಾಣುತ್ತಿತ್ತು.

ಅವನು ನಡೆದು ಬಂದು ಶೈಲೊಬೆಕನ ಮುಂದೆ ನಿಂತ. “ಮಾವ, ಸತ್ತ ಕುದುರೇನ ಯಾರೂ ಹೊಡ್ಕೊಂಡು ಹೋಗಲ್ಲ. ಅದು ನಿಮಗೇ ಇರಲಿ.” ಹಾಗೆ ಹೇಳಿ ಅಂಗಳದ ಕಡೆ ಕಣ್ಣು ಹಾಯಿಸಿದ. ಅಲ್ಲಿ ಬುರ್ಮಕಾನಳ ಹಸು, ಪಾಪ, ತನ್ನ ಪಾಡಿಗೆ ಮೆಲುಕು ಹಾಕುತ್ತ ನಿಂತಿತ್ತು.

ಹಸು ಬಸ್ಸಿನೊಳಗೆ ಹಿಡಿಸಲಿಲ್ಲ. ಅದನ್ನು ತೆಮಿರ್‌ಕುಲ್ ಹಗ್ಗ ಹಿಡಿದು ನಡೆಸಿಕೊಂಡೇ ಗುಡ್ಡ ಹತ್ತಿದ. ಕಾಣುವಷ್ಟು ದೂರವೂ ಅದು ತಿರುಗಿ ತಿರುಗಿ ಕೂಗುತ್ತಿತ್ತು. ಬುರ್ಮಕಾನ್ ಉತ್ತ ಅರ್ಧಕ್ಕೂ ಉಳದ ಅರ್ಧಕ್ಕೂ ನಡುವೆ, ಆ ಸತ್ತ ಕಬ್ಬಿಣದ ಪಕ್ಕದಲ್ಲಿ, ಸಾಲಿನ ಮೇಲೆ ಕೂತುಬಿಟ್ಟಳು. ಅಳಲಿಲ್ಲ. ಅತ್ತಿದ್ದರೆ ನಮಗೆ ಎಷ್ಟೋ ಸಮಾಧಾನವಾಗುತ್ತಿತ್ತು.

“ಅಜ್ಜ,” ಎಂದ ಶೈಲೊಬೆಕ್ ಒಣಗಿದ ಬಾಯಲ್ಲಿ, “ಇಲ್ಲಿಗೆ ಮುಗೀತಲ್ವಾ? ಅಳಿಯನ ಋಣ ತೀರಿತು ತಾನೇ?”

“ಅಳಿಯನಿಗೆ ಮೂರು ಸಲ ಹಕ್ಕು,” ಎಂದ ಒಸ್ಮೊನಾಲಿ ಅಜ್ಜ. “ಇದು ಒಂದಾಯ್ತು.”

“ಇನ್ನೊಂದು ಸಲ ಎಣಿಸಿ ನೋ‍ಡ್ತೀರಾ ಅಜ್ಜ? ಐದನೇ ತಂದೇಲಿ ಎಲ್ಲಾದ್ರೂ ತಪ್ಪಿರಬಹುದು. ಊಟದ ಹೊತ್ತು, ಗಲಾಟೆ ಬೇರೆ ಇತ್ತು.”

ಅಜ್ಜನಿಗೆ ಕೋಪ ಬಂತು. ಅರವತ್ತು ವರ್ಷದಿಂದ ಅವನ ಎಣಿಕೆಯನ್ನು ಯಾರೂ ಹಾಗೆ ಅನುಮಾನಿಸಿರಲಿಲ್ಲ. “ತಪ್ಪಿಲ್ಲ ಕಣೋ. ನಂಬಿಕೆ ಇಲ್ಲ ಅಂದ್ರೆ ಸಾಯ್ಕಾಲಳ ಇನ್ನೂ ನಾಲ್ಕು ಗಂಡುಮಕ್ಕಳು ಪಟ್ಟಣದಲ್ಲಿದಾರೆ, ಅವರನ್ನೂ ಕರೆಸ್ತೀನಿ, ಅವರ ಬಾಯಿಂದಲೇ ಕೇಳು. ಅವರಿಗೂ ನೀನೇ ಸೋದರಮಾವ ಅಲ್ವಾ.”

ಬುರ್ಮಕಾನ್ ಮೇಲೆದ್ದಳು. ಬುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು, ಒಮ್ಮೆ ಗುಡ್ಡದ ದಾರಿಯ ಕಡೆ ನೋಡಿ, ಮಣ್ಣಿನೊಳಗೆ ಹೋದ ಆಲೂಗಡ್ಡೆ ಯಾವ ಅಳಿಯನ ಕಣ್ಣಿಗೂ ಬೀಳಲಾರದು ಎಂಬಂತೆ, ಬೇಗ ಬೇಗ ಊರತೊಡಗಿದಳು.